ಮೀಟರಿನ ತೀರ್ಪು ಪ್ರಮಾಣವೇ?

ಎದುರಿಗಿರುವುದು ಹಿಮವೋ ಎಮ್ಮೆಯೋ ಕ್ಯಾಮೆರಾದ ಲೈಟ್ ಮೀಟರಿಗೆ ಗೊತ್ತಿರುವುದಿಲ್ಲ. ಲೆನ್ಸಿನ ಮೂಲಕ ಒಳಬಂದ ಬೆಳಕೆಷ್ಟು ಎಂಬುದನ್ನಷ್ಟೇ ಅದು ಅಳೆಯುತ್ತದೆ. ಆ ಅಳತೆಯಿಂದ ಎಕ್ಸ್‌ಪೋಷರ್ ನಿರ್ಧರಿಸುವಾಗ ಅದು ಒಂದು ಊಹೆಯನ್ನು ನಂಬಿರುತ್ತದೆ: ದೃಶ್ಯ ಒಟ್ಟಾರೆ ನಡುಬೂದು, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವಂಥದ್ದು. ಹೀಗಾಗಿ ಚಿತ್ರದಲ್ಲಿ ಹಿಮವೂ ಬೂದು, ಎಮ್ಮೆಯೂ ಬೂದು. 1983ರ ನಿಕಾನ್ ಎಫ್‌ಎ ದೃಶ್ಯವನ್ನು ಭಾಗಭಾಗವಾಗಿ ಅಳೆದು ಹೋಲಿಸುವ ಪದ್ಧತಿಯನ್ನು ತಂದಿತು. ಈಗಿನ ಕ್ಯಾಮೆರಾಗಳು ಮುಖವನ್ನೂ ಗುರುತಿಸುತ್ತವೆ. ಊಹೆ ಚುರುಕಾಯಿತೇ ಹೊರತು ಹೋಗಲಿಲ್ಲ.

ಮೀಟರು ಕೊಡುವ ಈ ತಿಳಿವಳಿಕೆ ಪ್ರಮಾಣವೇ, ಎಂದರೆ ನಂಬತಕ್ಕ ಜ್ಞಾನವೇ ಎಂಬುದು ಭಾರತೀಯ ದರ್ಶನಗಳ ಹಳೆಯ ಜಗಳಕ್ಕೆ ಸೇರಿದ ಪ್ರಶ್ನೆ. ಮೀಮಾಂಸಕರ ಪ್ರಕಾರ ಜ್ಞಾನ ಸ್ವತಃ ಪ್ರಮಾಣ. ಅದನ್ನು ಸುಳ್ಳಾಗಿಸುವ ಬಾಧಕವೊಂದು ಎದುರಾಗುವ ತನಕ ಅದನ್ನು ನಂಬಬೇಕು. ನೈಯಾಯಿಕರು ಒಪ್ಪುವುದಿಲ್ಲ. ಕಂಡದ್ದು ನೀರೇ ಎಂಬುದು ಹೋಗಿ ಕುಡಿದಾಗ ಖಚಿತವಾಗುತ್ತದೆ, ಪ್ರಾಮಾಣ್ಯ ಹೊರಗಿನಿಂದ ತಿಳಿಯತಕ್ಕದ್ದು ಎಂಬುದು ಅವರ ವಾದ. ಆಟೋ ಮೋಡಿನಲ್ಲಿಟ್ಟು ಗುಂಡಿ ಒತ್ತುವವರು ಮೊದಲ ಪಕ್ಷದವರು, ಒತ್ತಿದ ಮೇಲೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡುವವರು ಎರಡನೆಯವರು ಎನ್ನಬಹುದು. ಆದರೆ ಮೀಟರಿನ ಪ್ರಕರಣದಲ್ಲಿ ಒಂದು ವಿಶೇಷವಿದೆ. ತಪ್ಪು ಜ್ಞಾನಕ್ಕೆ ಇಂದ್ರಿಯದೋಷ ಕಾರಣವೆನ್ನುವುದು ವಾಡಿಕೆ. ಇಲ್ಲಿ ಇಂದ್ರಿಯಕ್ಕೆ ದೋಷವೇ ಇಲ್ಲ. ಅಳತೆ ನಿಜ, ತೀರ್ಪು ಸುಳ್ಳು.

ಬಯಲಿನಲ್ಲಿ ರಾತ್ರಿ ನಡೆಯುವ ಯಕ್ಷಗಾನ ಇದಕ್ಕೆ ಒಳ್ಳೆಯ ಉದಾಹರಣೆ. ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆ, ನಡುವೆ ದೀಪದ ಬೆಳಕಿನಲ್ಲಿ ಬಣ್ಣದ ವೇಷ. ಕತ್ತಲೆಯನ್ನು ಬೂದು ಮಾಡಹೊರಟ ಕ್ಯಾಮೆರಾ ಬೆಳಕನ್ನು ಹೆಚ್ಚು ಹೊತ್ತು ಒಳಬಿಡುತ್ತದೆ; ಮುಖದ ಮೇಲೆ ಸಾಲಾಗಿ ಇಟ್ಟ ಬಿಳಿ ಚುಕ್ಕೆಗಳ ಚುಟ್ಟಿ ಒಂದೇ ಬಿಳಿ ಪಟ್ಟಿಯಾಗಿ ಕರಗುತ್ತದೆ. ಪರಿಹಾರ ಎಕ್ಸ್‌ಪೋಷರ್ ಲಾಕ್. ಸ್ಪಾಟ್ ಮೀಟರಿಂಗಿಗೆ ಬದಲಿಸಿ, ವೇಷಧಾರಿಯ ಮುಖಕ್ಕೆ ಗುರಿಯಿಟ್ಟು, ಕ್ಯಾನನ್ನಿನಲ್ಲಿ ನಕ್ಷತ್ರದ ಗುರುತಿನ, ನಿಕಾನಿನಲ್ಲಿ ಎಇ-ಎಲ್ ಎಂಬ ಗುಂಡಿಯನ್ನು ಒತ್ತಿದರೆ ಆ ಅಳತೆ ಹಾಗೆಯೇ ಉಳಿಯುತ್ತದೆ. ಆಮೇಲೆ ಚೌಕಟ್ಟನ್ನು ಬೇಕಾದಂತೆ ಕೂಡಿಸಿಕೊಳ್ಳಬಹುದು. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮೀಟರ್ ಈಗ ಮುಖವನ್ನೇ ನಡುಬೂದು ಮಾಡುತ್ತದೆ. ಅದು ಬೆಳಗಿ ಕಾಣಬೇಕಾದರೆ ಒಂದು ಸ್ಟಾಪ್ ಏರಿಸಬೇಕು, ಎಂದರೆ ಬೆಳಕನ್ನು ಎರಡರಷ್ಟು ಮಾಡಬೇಕು. ಏರಿಸಬೇಕೆಂಬ ನಿರ್ಧಾರ ಮೀಟರಿನದಲ್ಲ.

ಹಾಗಾದರೆ ಯಾರದು? ಉಡುಪಿಯ ಮಧ್ವಾಚಾರ್ಯರ ದ್ವೈತದರ್ಶನದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳು ಜ್ಞಾನಕ್ಕೆ ಸಾಧನಗಳು. ಬಂದ ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮನ ಸ್ವರೂಪವೇ ಆದ ಸಾಕ್ಷಿ. ಸಾಧನ ಬೇರೆ, ನಿರ್ಣಯಿಸುವವನು ಬೇರೆ ಎಂಬ ಈ ವಿಂಗಡಣೆ ಲಾಕ್ ಗುಂಡಿಗೆ ಚೆನ್ನಾಗಿ ಹೊಂದುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ದ್ವೈತದ ಸಾಕ್ಷಿ ತಪ್ಪದು; ಛಾಯಾಗ್ರಾಹಕನ ಕಣ್ಣು ಬೆಳಕಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವುದರಿಂದ ಪ್ರಖರತೆಯ ಅಂದಾಜಿನಲ್ಲಿ ಮೀಟರಿಗಿಂತ ಹೆಚ್ಚು ಮೋಸಹೋಗುತ್ತದೆ.

ಷಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಕೈಯಿಂದ ಗೊತ್ತುಮಾಡುವ ಮ್ಯಾನ್ಯುಯಲ್ ಮೋಡ್ ಇನ್ನೂ ಮುಂದೆ ಹೋಗುತ್ತದೆ: ಮೀಟರಿನ ಮಾತು ಅಲ್ಲಿ ಬರೀ ಸಲಹೆ. ಮೀಟರೇ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಝ್’ ಚಿತ್ರ ಸಾಕ್ಷ್ಯ. ಸೂರ್ಯ ಮುಳುಗುತ್ತಿದ್ದ, ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ಗೆ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಖರತೆ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಆ ಲೆಕ್ಕದ ಮೇಲೆ ಎಫ್ 32ರಲ್ಲಿ ಒಂದು ಸೆಕೆಂಡು ಎಕ್ಸ್‌ಪೋಷರ್ ಕೊಟ್ಟರು. ಎರಡನೆಯ ನೆಗೆಟಿವ್‌ಗೆ ಸಿದ್ಧವಾಗುವಷ್ಟರಲ್ಲಿ ದೃಶ್ಯದಲ್ಲಿದ್ದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಇಲ್ಲಿ ಪ್ರತ್ಯಕ್ಷದ ಜಾಗದಲ್ಲಿ ಕೆಲಸ ಮಾಡಿದ್ದು ಅನುಮಾನ, ಅದಕ್ಕೆ ಆಧಾರ ಮೊದಲೇ ತಿಳಿದಿದ್ದ ವ್ಯಾಪ್ತಿ, ಎಂದರೆ ತಪ್ಪದ ಸಂಬಂಧ.

ಲಾಕಿಗೂ ಮ್ಯಾನ್ಯುಯಲ್ಲಿಗೂ ಇರುವ ದೌರ್ಬಲ್ಯ ಒಂದೇ. ಒಮ್ಮೆ ಮಾಡಿದ ನಿರ್ಣಯ ಬೆಳಕು ಬದಲಾದರೂ ಹಾಗೆಯೇ ಉಳಿಯುತ್ತದೆ. ರಂಗದ ದೀಪ ಬದಲಾಗದಿದ್ದರೆ ಒಂದೇ ಎಕ್ಸ್‌ಪೋಷರ್ ಬೆಳಗಿನ ತನಕ ಸಾಕು. ಮೋಡ ಬಿಸಿಲುಗಳ ಕಣ್ಣುಮುಚ್ಚಾಲೆಯಲ್ಲಿ ಆಟೋ ಮೋಡೇ ಮೇಲು. ಬಾಧಕಜ್ಞಾನ ಬಂದಾಗ ತಿದ್ದಿಕೊಂಡರಾಯಿತು ಎಂಬ ಮೀಮಾಂಸಕರ ಧೈರ್ಯವೂ ಡಿಜಿಟಲ್ ಸೆನ್ಸರಿನಲ್ಲಿ ಅರ್ಧಕ್ಕಷ್ಟೇ ನಡೆಯುತ್ತದೆ. ರಾ ಫೈಲಿನಲ್ಲಿ ನೆರಳಿನ ಭಾಗವನ್ನು ಒಂದಷ್ಟು ಮೇಲೆತ್ತಬಹುದು. ತುಂಬಿ ತುಳುಕಿದ ಪಿಕ್ಸೆಲ್ಲಿನಲ್ಲಿ ವಿವರವೇ ದಾಖಲಾಗಿರುವುದಿಲ್ಲ. ಆದ್ದರಿಂದ ಸಂದೇಹವಿದ್ದಾಗ, ವಿವರ ಉಳಿಯಲೇಬೇಕಾದ ಅತಿ ಬೆಳಕಿನ ಭಾಗಕ್ಕೆ ಗುರಿಯಿಟ್ಟು ಲಾಕ್ ಮಾಡುವುದು ರೂಢಿ.