ಸೌಧದ ಸೊಬಗು ಮತ್ತು ಸೌಧದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಅನುಭವದಿಂದ ಮೂಡಿಬಂದ ಗಾದೆ. ಕೊಕ್ಕರ್ಣೆಯಂತಹ ಊರಿನಲ್ಲಿ ಮುರಕಲ್ಲಿನ ನಾಲ್ಕು ಗೋಡೆಗಳನ್ನು ಎಬ್ಬಿಸಿ, ಮೇಲೊಂದು ಸೂರು ಹೊದಿಸಿದ ಪ್ರತಿಯೊಬ್ಬ ಗೃಹಸ್ಥನೂ ಅದರ ಸತ್ಯವನ್ನು ಬಲ್ಲ. ಮೇಸ್ತ್ರಿ ಹೇಳಿದ ಮೊದಲ ಅಂದಾಜು ಒಂದು, ಪಂಚಾಂಗ ಮುಗಿಯುವಾಗ ಆದ ಖರ್ಚು ಇನ್ನೊಂದು, ಮನೆ ಒಕ್ಕಲಿನ ದಿನ ತಲೆಯ ಮೇಲಿರುವ ಸಾಲ ಮತ್ತೊಂದು. ಆದರೂ ಆ ಸಾಲವನ್ನು ತೀರಿಸಬೇಕಾದವನು ಅವನೇ ಆದುದರಿಂದ ಮನೆಮಂದಿಯ ಹೊರತು ಯಾರೂ ಅವನನ್ನು ಲೆಕ್ಕ ಕೇಳುವುದಿಲ್ಲ. ಇನ್ನೊಬ್ಬರ ಹಣದಿಂದ ಮನೆ ಕಟ್ಟುವವನ ವಿಷಯ ಹಾಗಲ್ಲ. ಆ ಹಣ ಕೊಟ್ಟವರಲ್ಲಿ ಬಡವನೂ ಇದ್ದಾನೆ. ಕೊಡುವಾಗ ಅವನಿಗೆ ಬೇಡವೆನ್ನುವ ಅವಕಾಶವೂ ಇರಲಿಲ್ಲ.

ನಾಡಿನ ಶಾಸಕರು ತಾವೇ ಕುಳಿತುಕೊಳ್ಳುವ ಸದನವನ್ನು ಪ್ರಜೆಗಳ ತೆರಿಗೆಯಿಂದ ಕಟ್ಟಿಸುವಾಗ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಹಣ ಮಂಜೂರು ಮಾಡುವವರೂ ಅವರೇ, ಅನುಭವಿಸುವವರೂ ಅವರೇ, ಲೆಕ್ಕ ಕೇಳಬೇಕಾದವರೂ ಅವರೇ. ಇಂತಹ ಸಂದರ್ಭದಲ್ಲಿ ಲೆಕ್ಕ ಕೇಳುವುದು ಕರ್ತವ್ಯವೋ, ಕುಹಕವೋ? ಕಟ್ಟಡ ಅತ್ಯಂತ ಸುಂದರವಾಗಿ ಮೂಡಿಬಂದರೆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟುಬಿಡಬಹುದೋ? ಕನ್ನಡ ನಾಡು ಈ ಪ್ರಶ್ನೆಯನ್ನು ತನ್ನ ಕಣ್ಣಮುಂದೆಯೇ ಎದುರಿಸಿದೆ.

ವಿಧಾನಸೌಧದ ಕಥೆ

ಬೆಂಗಳೂರಿನ ವಿಧಾನಸೌಧಕ್ಕೆ 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ ನೆಹರೂ ಅಡಿಗಲ್ಲನ್ನಿಟ್ಟರು. ಆಗ ಕೆ. ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದರು. ಯೋಜನೆಯೂ ಸಾಕಷ್ಟು ಸರಳವಾಗಿತ್ತು. 1952ರಲ್ಲಿ ಕೆಂಗಲ್ ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಬಳಿಕ ನಕ್ಷೆಯೇ ಬದಲಾಯಿತು. ಬೆಂಗಳೂರಿಗೆ ಬಂದ ರಷ್ಯಾದ ನಿಯೋಗವೊಂದು, ಇಲ್ಲಿ ಕಾಣುವುದೆಲ್ಲ ಯುರೋಪಿನ ಕಟ್ಟಡಗಳೇ, ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೇ ಎಂದು ಕೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಆ ಮಾತು ಅವರ ಮನಸ್ಸಿಗೆ ನಾಟಿತು. ಸರಕಾರದ ಮುಖ್ಯ ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ದ್ರಾವಿಡ ಶೈಲಿಯ, ಏಳುನೂರು ಅಡಿ ಉದ್ದ ಮುನ್ನೂರೈವತ್ತು ಅಡಿ ಅಗಲದ ಗ್ರಾನೈಟ್ ಸೌಧ ಮೇಲೆದ್ದಿತು. ಸಾವಿರಾರು ಕೂಲಿಗಳೊಡನೆ, ಕಲ್ಲುಕುಟಿಗರೊಡನೆ ಸೆರೆಮನೆಯ ಕೈದಿಗಳೂ ಅಲ್ಲಿ ದುಡಿದರು. 1956ರಲ್ಲಿ ಕೆಲಸ ಮುಗಿಯುವಾಗ ವೆಚ್ಚ ಮೊದಲ ಅಂದಾಜನ್ನು ಬಹುದೂರ ಮೀರಿ, ಸುಮಾರು ಒಂದೂಮುಕ್ಕಾಲು ಕೋಟಿ ರೂಪಾಯಿಗೆ ತಲುಪಿತ್ತು.

ಇಂದಿನ ಕಿವಿಗೆ ಅದು ಚಿಕ್ಕ ಮೊತ್ತವೆನಿಸಬಹುದು. ಅಂದಿನ ಮೈಸೂರು ರಾಜ್ಯಕ್ಕೆ ಅದು ಚಿಕ್ಕದಾಗಿರಲಿಲ್ಲ. ಶಾಲೆ, ಆಸ್ಪತ್ರೆ, ಕೆರೆ, ರಸ್ತೆ ಎಲ್ಲಕ್ಕೂ ಹಣ ಬೇಕಾಗಿದ್ದ ಕಾಲವದು. ವಿರೋಧಿಗಳು ಮಾತ್ರವಲ್ಲ, ಸ್ವಪಕ್ಷದ ಶಾಸಕರೂ ಮುಖ್ಯಮಂತ್ರಿಗಳ ವಿರುದ್ಧ ತಿರುಗಿಬಿದ್ದರು. ಅವರ ಮೇಲಿನ ಟೀಕೆಗಳಲ್ಲಿ ಸೌಧದ ದುಂದುವೆಚ್ಚವೂ ಒಂದಾಗಿತ್ತು. ಸೌಧ ಪೂರ್ಣಗೊಂಡ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅವರು ರಾಜೀನಾಮೆ ನೀಡಬೇಕಾಯಿತು. ಅಧಿಕಾರ ಕಳೆದುಕೊಂಡ ಮೇಲೆ ಸೌಧದ ಖರ್ಚಿನ ಕುರಿತು ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಅದರ ಮುಂದೆ ಅವರು ತಮ್ಮ ಸಮರ್ಥನೆಯನ್ನು ಹೇಳಿಕೊಳ್ಳಬೇಕಾಯಿತು. ಇಂದು ಅವರ ಪ್ರತಿಮೆ ಅದೇ ಸೌಧದ ಆವರಣದಲ್ಲಿ ನಿಂತಿದೆ. ಲೆಕ್ಕ ಕೇಳಿದವರ ಹೆಸರುಗಳು ಜನಮನದಿಂದ ಮರೆಯಾಗಿವೆ.

ಇದರಿಂದ ಅನೇಕರು ಒಂದು ಪಾಠವನ್ನು ಕಲಿಯುತ್ತಾರೆ: ದೊಡ್ಡ ಕೆಲಸ ಮಾಡುವವನು ಸಣ್ಣ ಮನಸ್ಸಿನವರ ಮಾತಿಗೆ ಕಿವಿಗೊಡಬಾರದು, ಕಾಲವೇ ಅವನನ್ನು ಸಮರ್ಥಿಸುತ್ತದೆ. ಈ ಪಾಠ ಸರಿಯೇ?

ಸೊಬಗು ಲೆಕ್ಕವನ್ನು ತೀರಿಸುವುದಿಲ್ಲ

ಹನುಮಂತಯ್ಯನವರ ನಿಲುವಿನಲ್ಲಿ ತಥ್ಯವಿಲ್ಲದಿರಲಿಲ್ಲ. ಮೈಸೂರು ಅರಮನೆಗೆ 1897ರಿಂದ 1912ರವರೆಗಿನ ಅವಧಿಯಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾಗಿತ್ತು. ಅರಸನ ಮನೆಗೆ ಅಷ್ಟು ವೈಭವವಿದ್ದ ನಾಡಿನಲ್ಲಿ ಪ್ರಜೆಗಳ ಮನೆಗೆ ಗೌರವದ ರೂಪ ಬೇಡವೇ? ಬಡವರಿಗೂ ಸೌಂದರ್ಯದ ಹಸಿವಿದೆ. ಸಾರ್ವಜನಿಕ ಕಟ್ಟಡವೆಲ್ಲ ಗೋದಾಮಿನಂತಿರಬೇಕೆಂದು ಯಾರೂ ಹೇಳಲಾರರು.

ಆದರೆ ಅರಮನೆಗೂ ವಿಧಾನಸೌಧಕ್ಕೂ ಇರುವ ವ್ಯತ್ಯಾಸ ಕಲ್ಲಿನಲ್ಲಿಲ್ಲ, ಗೋಪುರದಲ್ಲಿಲ್ಲ. ಕೊಕ್ಕರ್ಣೆಯ ಸಮೀಪದ ಸೂರಾಲಿನಲ್ಲಿ ತೊಳಹ ಅರಸರ ಹಳೆಯ ಮಣ್ಣಿನ ಅರಮನೆಯಿದೆ. ಮಣ್ಣಿನದಾದರೂ ಅದು ಅರಮನೆಯೇ. ಅದನ್ನು ಕಟ್ಟಿದ ಕಾಲದಲ್ಲಿ ಅರಸನ ಎದುರು ಎದ್ದು ನಿಂತು, ಈ ಗೋಡೆಗೆ ಎಷ್ಟು ತಗಲಿತು, ಯಾರ ಗೇಣಿಯಿಂದ ಬಂತು ಎಂದು ಕೇಳುವ ಹಕ್ಕು ಒಕ್ಕಲಿಗೆ ಇರಲಿಲ್ಲ. ವಿಧಾನಸೌಧವು ಗ್ರಾನೈಟಿನದಾದರೂ ಅರಮನೆಯಲ್ಲ. ಏಕೆಂದರೆ ಅದರೊಳಗೆ ಯಾವುದೋ ಹಳ್ಳಿಯಿಂದ ಆರಿಸಿ ಬಂದ ಒಬ್ಬ ಶಾಸಕ ಎದ್ದು ನಿಂತು ಅದರ ಬೆಲೆಯನ್ನು ಕೇಳಬಹುದು. ಕೇಳಿದಾಗ ಮುಖ್ಯಮಂತ್ರಿ ಉತ್ತರಿಸಬೇಕು. ಆ ಪ್ರಶ್ನೆಯನ್ನು ಹೊರಗಟ್ಟಿದರೆ ಉಳಿಯುವುದು ಇನ್ನೊಂದು ಅರಮನೆ ಮಾತ್ರ.

ಲೆಕ್ಕ ಕೇಳಿದವರ ಮನಸ್ಸಿನಲ್ಲಿ ಮತ್ಸರವಿತ್ತು, ಅಧಿಕಾರದಾಹವಿತ್ತು ಎಂಬ ಆಕ್ಷೇಪ ಬರಬಹುದು. ಇದ್ದಿರಲೂ ಸಾಕು. ಆದರೆ ಕೇಳುವವನ ಉದ್ದೇಶ ಅಶುದ್ಧವಾದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. ನೆರೆಯವನು ಹೊಟ್ಟೆಕಿಚ್ಚಿನಿಂದ ನಮ್ಮ ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದರೂ ನಾವು ಮೊದಲು ಬೆಂಕಿಯನ್ನು ನೋಡುತ್ತೇವೆ. ಕೇಳಿದವನ ಉದ್ದೇಶ ಅವನ ಆತ್ಮಸಾಕ್ಷಿಗೆ ಬಿಟ್ಟದ್ದು. ಉತ್ತರಿಸುವ ಹೊಣೆಯಂತೂ ಹಣ ಖರ್ಚು ಮಾಡಿದವನದ್ದೇ.

ಮೊದಲ ಅಂದಾಜಿನ ಪಾಪ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ನಡೆದ ಘಟನೆ ಈ ವಿಷಯಕ್ಕೆ ಇನ್ನಷ್ಟು ಬೆಳಕು ಚೆಲ್ಲುತ್ತದೆ. ಅಲ್ಲಿ ಹೊಸ ಸಂಸತ್ ಭವನಕ್ಕೆ 1997ರಲ್ಲಿ ಹೇಳಿದ ವೆಚ್ಚ ಒಂದರಿಂದ ನಾಲ್ಕು ಕೋಟಿ ಪೌಂಡು. 2004ರಲ್ಲಿ ಬಾಗಿಲು ತೆರೆಯುವಾಗ ಅದು ನಲವತ್ತೊಂದು ಕೋಟಿಯನ್ನು ದಾಟಿತ್ತು. ವಾಸ್ತುಶಿಲ್ಪಿ ಎನ್ರಿಕ್ ಮಿರಾಲೆಸ್ ಮತ್ತು ಯೋಜನೆಯ ಹಿಂದಿದ್ದ ನಾಯಕ ಡೊನಾಲ್ಡ್ ಡ್ಯೂವರ್ ಇಬ್ಬರೂ 2000ದಲ್ಲಿಯೇ ತೀರಿಕೊಂಡಿದ್ದರು. ಲಾರ್ಡ್ ಫ್ರೇಸರ್ ನಡೆಸಿದ ವಿಚಾರಣೆಯಲ್ಲಿ ಯಾರೋ ಒಬ್ಬ ಖಳನಾಯಕ ಸಿಗಲಿಲ್ಲ. ಕಂಡದ್ದು, ವೆಚ್ಚ ಏರಬಹುದೆಂಬ ಎಚ್ಚರಿಕೆಯ ಅಂಕಿಗಳು ತಿಳಿಯಬೇಕಾದವರನ್ನು ಸಕಾಲದಲ್ಲಿ ತಲುಪಿರಲಿಲ್ಲವೆಂಬುದು.

ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ನೈತಿಕ ಪ್ರಮಾದ ಸಾಮಾನ್ಯವಾಗಿ ಕೊನೆಯ ಬಿಲ್ಲಿನಲ್ಲಿಲ್ಲ, ಮೊದಲ ಅಂದಾಜಿನಲ್ಲಿದೆ. ನಿಜವಾದ ಮೊತ್ತ ಹೇಳಿದರೆ ಒಪ್ಪಲಾರರೆಂದು ಚಿಕ್ಕ ಮೊತ್ತ ಹೇಳುವುದು. ಗೋಡೆ ಎದೆಯೆತ್ತರಕ್ಕೆ ಬಂದ ಮೇಲೆ, ಇನ್ನು ನಿಲ್ಲಿಸಲಾಗದು ಎನ್ನುವುದು. ಇದರಲ್ಲಿ ಯಾರ ಜೇಬಿಗೂ ಒಂದು ರೂಪಾಯಿ ಹೋಗದೆ ಇರಬಹುದು. ಆದರೂ ಕಳವಾದುದು ಒಂದಿದೆ. ಹಣ ಕೊಟ್ಟವರ ಸ್ವತಂತ್ರ ಸಮ್ಮತಿ ಕಳವಾಗಿದೆ. ಗೋಪುರ ಕಟ್ಟುವ ಮುನ್ನ ಕುಳಿತು ಖರ್ಚನ್ನು ಲೆಕ್ಕಹಾಕುವವನ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ನಾವು ಕೇಳಿದ್ದೇವೆ. ತನ್ನ ಹಣದಿಂದ ಕಟ್ಟುವವನಿಗೆ ಅದು ಜಾಣತನದ ಪಾಠ. ಪರರ ಹಣದಿಂದ ಕಟ್ಟುವವನಿಗೆ ಅದು ನ್ಯಾಯದ ಪಾಠವೂ ಹೌದು.

ನಮ್ಮ ಸಂವಿಧಾನವೂ ಇದನ್ನು ಬಲ್ಲದು. ಸರಕಾರ ಖರ್ಚು ಮಾಡುವ ಮುನ್ನ ಅನುದಾನದ ಬೇಡಿಕೆಯನ್ನು ವಿಧಾನಸಭೆಯ ಮುಂದಿಡಬೇಕು. ಮಂಜೂರಾದುದಕ್ಕಿಂತ ಹೆಚ್ಚು ಖರ್ಚಾದರೆ 205ನೆಯ ವಿಧಿಯ ಪ್ರಕಾರ ಮತ್ತೆ ಸದನಕ್ಕೆ ಬಂದು ಕೇಳಬೇಕು. ಮಹಾಲೇಖಪಾಲರು ಲೆಕ್ಕವನ್ನು ಪರಿಶೋಧಿಸುತ್ತಾರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಜಾಲಾಡುತ್ತದೆ. ದೆಹಲಿಯಲ್ಲಿ ಈ ಸಮಿತಿಯ ಅಧ್ಯಕ್ಷತೆಯನ್ನು 1967ರಿಂದ ವಿರೋಧಪಕ್ಷದವರಿಗೆ ಕೊಡುವ ಸಂಪ್ರದಾಯವಿದೆ. ಆಳುವವರನ್ನು ಕಳ್ಳರೆಂದು ಭಾವಿಸಿ ಮಾಡಿದ ವ್ಯವಸ್ಥೆ ಇದಲ್ಲ. ಒಳ್ಳೆಯವನಿಗೂ ತನ್ನ ಕನಸಿನ ಕಟ್ಟಡದ ಮುಂದೆ ಕಣ್ಣು ಮಂಜಾಗುತ್ತದೆಂಬ ತಿಳುವಳಿಕೆ ಅದರ ಹಿಂದಿದೆ.

ದೆಹಲಿಯ ಹೊಸ ಸಂಸತ್ ಭವನಕ್ಕೆ 2020ರ ಡಿಸೆಂಬರಿನಲ್ಲಿ ಶಿಲಾನ್ಯಾಸವಾದಾಗ ಹೇಳಿದ ಅಂದಾಜು 971 ಕೋಟಿ ರೂಪಾಯಿ. ಕೊರೋನಾದಿಂದ ಜನ ತತ್ತರಿಸುತ್ತಿದ್ದ ಕಾಲದಲ್ಲಿ ಇದು ಬೇಕೇ ಎಂದು ಒಂದು ಬಣ, ಬೆಳೆಯುತ್ತಿರುವ ದೇಶಕ್ಕೆ ಬೇಕೇ ಬೇಕೆಂದು ಇನ್ನೊಂದು ಬಣ ವಾದಿಸಿತು. 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರು, ಜನರಿಗೆ ಸಾಕಷ್ಟು ಮಾಹಿತಿ ಕೊಟ್ಟು ಅವರ ಅಭಿಪ್ರಾಯ ಕೇಳಬೇಕಾಗಿತ್ತೆಂಬ ಅಂಶಕ್ಕೆ ಒತ್ತು ಕೊಟ್ಟರು. ಭವನ ಬೇಕೋ ಬೇಡವೋ ಎಂಬಲ್ಲಿ ಸಜ್ಜನರು ಭಿನ್ನವಾಗಿ ಯೋಚಿಸಬಹುದು. ಮೊದಲೇ ಎಲ್ಲವನ್ನೂ ತಿಳಿಸಬೇಕೆಂಬ ಮಾತಿಗೆ ಎದುರಾಡುವುದು ಕಷ್ಟ.

ಬೆಳಗಾವಿಯ ಮೆಟ್ಟಿಲುಗಳು

ನಮ್ಮ ರಾಜ್ಯದ ಎರಡನೆಯ ಸೌಧವಾದ ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದರು. ಸುಮಾರು ನಾನೂರು ಕೋಟಿ ರೂಪಾಯಿ ಖರ್ಚಾದ ಆ ಸೌಧದಲ್ಲಿ ಅಧಿವೇಶನ ನಡೆಯುವುದು ವರ್ಷಕ್ಕೆ ಹತ್ತು ದಿನಗಳ ಆಸುಪಾಸು. ಗಡಿನಾಡಿನ ಜನರಿಗೆ ನೀವೂ ಈ ರಾಜ್ಯದವರೆಂದು ಹೇಳುವ ಸಂಕೇತಕ್ಕೆ ಬೆಲೆ ಕಟ್ಟಲಾಗದು, ನಿಜ. ಆದರೆ 2022ರಲ್ಲಿ ಆ ಸೌಧದ ಮುಂದೆ ಬಡ ಕೆಲಸಗಾರ್ತಿಯೊಬ್ಬಳು ಶಾವಿಗೆ ಒಣಗಿಸಿದ ಚಿತ್ರ ನಾಡಿನಾದ್ಯಂತ ಹರಿದಾಡಿದಾಗ, ಸೌಧದ ಘನತೆಗೆ ಕುಂದು ಬಂತೆಂದು ಗದ್ದಲವೆದ್ದಿತು. ವರ್ಷದ ಬಹುಪಾಲು ಸದನಗಳು ಖಾಲಿಯಿರುವುದರಿಂದ ಬಾರದ ಕುಂದು ನಾಲ್ಕು ಎಳೆ ಶಾವಿಗೆಯಿಂದ ಬಂತೇ? ಪಿಂಚಣಿ ಪಡೆಯುವ ಮುದುಕಿ ತಾನು ಬದುಕಿದ್ದೇನೆಂಬುದಕ್ಕೆ ದಾಖಲೆ ಒದಗಿಸಬೇಕಾದ ನಾಡಿನಲ್ಲಿ, ಕೋಟಿಗಳ ಲೆಕ್ಕ ಕೇಳುವುದನ್ನು ಅವಮಾನವೆಂದು ಬಗೆಯುವುದು ವಿಚಿತ್ರವೇ ಸರಿ.

ದೇವರ ಕೆಲಸ

ವಿಧಾನಸೌಧದ ದ್ವಾರದ ಮೇಲೆ ಸರಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಲಾಗಿದೆ. ದೇವರ ಕೆಲಸವಾದರೆ ಲೆಕ್ಕ ಬೇಡವೆಂದು ಯಾರಾದರೂ ಭಾವಿಸಿದರೆ ಅವರು ಪವಿತ್ರ ಗ್ರಂಥವನ್ನು ತೆರೆದು ನೋಡಬೇಕು. ಮರುಭೂಮಿಯಲ್ಲಿ ದೇವದರ್ಶನದ ಗುಡಾರವನ್ನು ನಿರ್ಮಿಸಿದಾಗ ಬಳಕೆಯಾದ ಚಿನ್ನ, ಬೆಳ್ಳಿ, ಕಂಚುಗಳ ತೂಕವನ್ನು ಮೋಶೆಯ ಅಪ್ಪಣೆಯಂತೆ ಬರೆದಿಡಲಾಯಿತೆಂದು ವಿಮೋಚನಕಾಂಡ ಹೇಳುತ್ತದೆ. ಮೋಶೆಯನ್ನು ಯಾರೂ ಆಪಾದಿಸಿರಲಿಲ್ಲ, ಆತನೇ ಬರೆಯಿಸಿದನು. ಅರಸ ಯೋವಾಷನ ಕಾಲದಲ್ಲಿ ದೇವಾಲಯದ ದುರಸ್ತಿಗೆಂದು ಯಾಜಕರಿಗೆ ಹಣ ಬರುತ್ತಿದ್ದರೂ ದುರಸ್ತಿ ಮಾತ್ರ ಆಗಲಿಲ್ಲ. ಆಗ ಮುಚ್ಚಳದಲ್ಲಿ ತೂತು ಕೊರೆದ ಪೆಟ್ಟಿಗೆಯನ್ನಿಟ್ಟು, ತುಂಬಿದಾಗ ಅರಸನ ಕಾರ್ಯದರ್ಶಿಯೂ ಪ್ರಧಾನ ಯಾಜಕನೂ ಕೂಡಿಯೇ ಎಣಿಸಿದರು. ಅನಂತರ ಹಣ ಕೈಗೆತ್ತಿಕೊಂಡವರು ನಂಬಿಗಸ್ತರಾಗಿ ನಡೆದರೆಂದು ಅದೇ ವೃತ್ತಾಂತ ಮೆಚ್ಚಿ ನುಡಿಯುತ್ತದೆ. ಇಬ್ಬರು ಕೂಡಿ ಎಣಿಸಿದಲ್ಲಿ ನಂಬಿಕೆ ಬೆಳೆಯಿತೇ ಹೊರತು ಕುಂದಲಿಲ್ಲ.

ಆದುದರಿಂದ ಶಾಸಕರ ಕಡೆಗೆ ಬೆರಳು ತೋರಿಸುವ ನಾವು ನಮ್ಮ ಧರ್ಮಕೇಂದ್ರಗಳನ್ನೂ ನೋಡಿಕೊಳ್ಳುವುದು ಒಳಿತು. ಹೊಸ ಇಗರ್ಜಿ, ಸಭಾಭವನ, ಗೋಪುರ ಎಂದು ನಾವೂ ಕಟ್ಟುತ್ತಿದ್ದೇವೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಹಣವೂ, ಬೀಡಿ ಕಟ್ಟುವ ತಾಯಿಯ ಕಾಣಿಕೆಯೂ ಅದೇ ತಟ್ಟೆಯಲ್ಲಿ ಬೀಳುತ್ತದೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ನಿಯಮ ವಿಧಿಸುತ್ತದೆ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕೆಂದು 1267ನೆಯದು, ವಿಶ್ವಾಸಿಗಳು ಕೊಟ್ಟ ಸೊತ್ತಿನ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೆಂದು 1287ನೆಯದು ಹೇಳುತ್ತವೆ. ಹೀಗಿರುವಾಗ ವಾರ್ಷಿಕ ಸಭೆಯಲ್ಲಿ ಎದ್ದು ಲೆಕ್ಕ ಕೇಳಿದವನನ್ನು ಧರ್ಮಕೇಂದ್ರದ ವಿರೋಧಿಯೆಂದು ಕರೆಯುವುದು ಅನ್ಯಾಯ. ಅವನು ಕೇಳುವ ಮೊದಲೇ ಗುರುಗಳು ಲೆಕ್ಕವನ್ನು ಓದಿ ಹೇಳಿದರೆ ಇನ್ನೂ ಒಳ್ಳೆಯದು. ಕೇಳುವವನಿಗೂ ಒಂದು ಹೊಣೆಯಿದೆ. ಅಡಿಗಲ್ಲಿನ ದಿನ ಕೈತಟ್ಟಿ, ವರ್ಷಗಟ್ಟಲೆ ಸಭೆಗೆ ಬಾರದೆ, ಉದ್ಘಾಟನೆಯ ಮರುದಿನ ಆಪಾದನೆ ಹೊರಿಸುವವನು ಲೆಕ್ಕವನ್ನು ಕೇಳುತ್ತಿಲ್ಲ, ಹಗೆಯನ್ನು ತೀರಿಸಿಕೊಳ್ಳುತ್ತಿದ್ದಾನೆ.

ಹನುಮಂತಯ್ಯನವರು ಕಟ್ಟಿಸಿದ ಸೌಧ ನಮ್ಮೆಲ್ಲರ ಹೆಮ್ಮೆ. ಅದರ ವೆಚ್ಚವನ್ನು ಪ್ರಶ್ನಿಸಿದ ಶಾಸಕರೂ ತಮ್ಮ ಸ್ಥಾನಕ್ಕೆ ತಕ್ಕ ಕೆಲಸವನ್ನೇ ಮಾಡಿದರು. ನಾಡಿಗೆ ಇಬ್ಬರೂ ಬೇಕು. ಆದರೆ ಲೆಕ್ಕ ಒಪ್ಪಿಸುವುದು ಕಟ್ಟಿದವನು ಅಧಿಕಾರ ಕಳೆದುಕೊಂಡ ಮೇಲೆ ಆಗಬಾರದು. ಅಡಿಗಲ್ಲು ಇಡುವ ಮುನ್ನ ಆರಂಭವಾಗಬೇಕು. ಮುಂದಿನ ಸಲ ನಮ್ಮ ಧರ್ಮಕೇಂದ್ರದಲ್ಲಿ, ಪಂಚಾಯತಿಯಲ್ಲಿ, ಶಾಲೆಯಲ್ಲಿ ಹೊಸ ಕಟ್ಟಡದ ಮಾತು ಬಂದಾಗ, ಒಟ್ಟು ಎಷ್ಟಾಗುತ್ತದೆ, ಹೆಚ್ಚಾದರೆ ಯಾರನ್ನು ಕೇಳುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಮೊದಲ ಸಭೆಯಲ್ಲಿಯೇ, ವಿನಯದಿಂದ ಕೇಳೋಣ.