ಬಾಲ್ಕನಿಯಲ್ಲಿ ನಿಂತವನು

ಬಾಗ್ದಾದಿನ ಬೀದಿ. ಬಾಂಬ್ ನಿಷ್ಕ್ರಿಯ ದಳದ ಅಮೆರಿಕನ್ ಸೈನಿಕನೊಬ್ಬ ದಪ್ಪ ರಕ್ಷಾಕವಚ ತೊಟ್ಟು ಭಾರವಾದ ಹೆಜ್ಜೆ ಇಡುತ್ತಿದ್ದಾನೆ. ಅತ್ತ ಮಾಂಸದಂಗಡಿಯ ಹತ್ತಿರ ನಿಂತವನ ಕೈಯಲ್ಲಿ ಒಂದು ಮೊಬೈಲ್. ಅವನು ಫೋನ್ ಮಾಡುತ್ತಿರುವುದು ಮನೆಗೋ, ಬಾಂಬಿಗೋ? ಕಾವಲಿಗಿದ್ದ ಯುವ ಸೈನಿಕ ಗುಂಡು ಹಾರಿಸಲು ಹಿಂಜರಿಯುತ್ತಾನೆ. ಅಷ್ಟರಲ್ಲಿ ನೆಲದ ಜಲ್ಲಿ ಮೇಲೇಳುತ್ತದೆ, ಹಳೆಯ ಕಾರಿನ ತುಕ್ಕು ಧೂಳಾಗಿ ಕಳಚುತ್ತದೆ, ಕವಚದೊಳಗಿನ ಮನುಷ್ಯ ಸಾಯುತ್ತಾನೆ. 2004ರ ಇರಾಕಿನ ಕಥೆ ಹೇಳುವ ಕ್ಯಾಥರಿನ್ ಬಿಗೆಲೋ ಅವರ ‘ದ ಹರ್ಟ್ ಲಾಕರ್’ (2008) ಶುರುವಾಗುವುದು ಹೀಗೆ. ಇದು 2010ರಲ್ಲಿ ಆರು ಆಸ್ಕರ್ ಗೆದ್ದ, ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ನಿರ್ದೇಶನದ ಪ್ರಶಸ್ತಿ ತಂದುಕೊಟ್ಟ ಚಿತ್ರ. ಅದರ ಕಸುಬುಗಾರಿಕೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಈ ಮೊದಲ ಹತ್ತು ನಿಮಿಷ ಕಲಿಸುವ ಪಾಠದ ಬಗ್ಗೆ: ಸುಮ್ಮನೆ ನಿಂತು ನೋಡುತ್ತಿರುವವನನ್ನೂ ನಂಬಬೇಡ.

ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಸಸ್ಪೆನ್ಸ್ ಎಂದರೇನೆಂದು ವಿವರಿಸಿದವರು ಹಿಚ್‌ಕಾಕ್. ಮಾತಾಡುತ್ತ ಕೂತವರಿಗೆ ಬಾಂಬ್ ಇರುವುದು ಗೊತ್ತಿಲ್ಲ, ಪ್ರೇಕ್ಷಕನಿಗೆ ಗೊತ್ತು. ಹಾಗಾಗಿ ಕೂತವರ ಬಗ್ಗೆ ಅವನ ಜೀವ ಚಡಪಡಿಸುತ್ತದೆ. ಬಿಗೆಲೋ ಅವರಲ್ಲಿ ಆ ಲೆಕ್ಕ ತಿರುವುಮುರುವು. ನಮಗೆ ಗೊತ್ತಿರುವುದು ಸೈನಿಕನಿಗೆ ಗೊತ್ತಿರುವಷ್ಟೇ. ಆದ್ದರಿಂದ ಆತಂಕ ಮುಖಗಳನ್ನು ಹುಡುಕುತ್ತ ಹೊರಡುತ್ತದೆ. ಬಾಲ್ಕನಿಯಲ್ಲಿ ನಿಂತವನು, ಕಿಟಕಿಯ ಪರದೆ ಸರಿಸಿದವಳು, ವಿಡಿಯೋ ಕ್ಯಾಮೆರಾ ಹಿಡಿದ ಯುವಕ. ಛಾಯಾಗ್ರಾಹಕ ಬ್ಯಾರಿ ಅಕ್ರಾಯ್ಡ್ ಅವರ ಕೈಕ್ಯಾಮೆರಾ ಅದುರುತ್ತ ಒಬ್ಬೊಬ್ಬರ ಹತ್ತಿರ ಹೋಗಿ ತಡೆಯುತ್ತದೆ. ಅವರ ಮಾತು ನಮಗೆ ಸಿಗುವುದು ಅಪರೂಪ, ಸಿಗುವುದು ನೋಟ ಮಾತ್ರ. ಸ್ವಂತ ಊರಿನಲ್ಲಿ, ಸ್ವಂತ ಮನೆಯ ಬಾಲ್ಕನಿಯಲ್ಲಿ ನಿಂತವನು ಹೀಗೆ ಅನುಮಾನದ ವಸ್ತುವಾಗುತ್ತಾನೆ.

ಇದು ಸೈನಿಕನ ಕಥೆ, ಅವನ ಕಣ್ಣಿಗೆ ಕಂಡಷ್ಟನ್ನೇ ತೋರಿಸುವುದು ಪ್ರಾಮಾಣಿಕತೆಯಲ್ಲವೇ ಎಂದು ಕೇಳಬಹುದು. ಚಿತ್ರಕಥೆ ಬರೆದ ಮಾರ್ಕ್ ಬೋಲ್ ಪತ್ರಕರ್ತರಾಗಿ ಇಂಥದೇ ದಳದ ಜೊತೆ ಇರಾಕಿನಲ್ಲಿದ್ದವರು. ಆ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಸಸ್ಪೆನ್ಸ್ ಬರೀ ಮಾಹಿತಿ ಕೊಡುವುದಿಲ್ಲ, ಮೈಯನ್ನೇ ಒಂದು ಪಕ್ಷಕ್ಕೆ ಸೇರಿಸಿಬಿಡುತ್ತದೆ. 2003ರ ಆಕ್ರಮಣವನ್ನು ಪೂರ್ತಿ ವಿರೋಧಿಸಿದವನೂ ಮೊಬೈಲ್ ಕಂಡ ಕ್ಷಣ ‘ಹೊಡೆದುಬಿಡು’ ಎಂದು ಒಳಗೊಳಗೇ ಕೂಗುತ್ತಾನೆ. ಅವನನ್ನು ಒಲಿಸಲು ಯಾರೂ ವಾದ ಮಾಡಿರುವುದಿಲ್ಲ. ಈ ಸೈನಿಕರು ಆ ಬೀದಿಗೆ ಬಂದದ್ದಾದರೂ ಏಕೆ ಎಂಬ ಪ್ರಶ್ನೆಗೆ ಆಗ ಪುರುಸೊತ್ತಿಲ್ಲ, ಗಡಿಯಾರ ಓಡುತ್ತಿದೆ. ರಾಜಕೀಯ ಮಾತಾಡದ ಚಿತ್ರ ಇದು ಎಂಬ ಹೊಗಳಿಕೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ನನ್ನ ವಾದಕ್ಕೆ ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಚಿತ್ರಕ್ಕೆ ತನ್ನ ಕಣ್ಣಿನ ದೋಷ ಗೊತ್ತು. ಡಿವಿಡಿ ಮಾರುವ ಹುಡುಗನೊಬ್ಬನ ಜೊತೆ ನಾಯಕ ಜೇಮ್ಸ್‌ಗೆ ಸಲಿಗೆ ಬೆಳೆಯುತ್ತದೆ. ಮುಂದೆ, ಹೊಟ್ಟೆಯೊಳಗೆ ಬಾಂಬ್ ತುಂಬಿದ ಮಗುವಿನ ಶವ ಕಂಡಾಗ ಅದು ಅವನೇ ಎಂದು ಜೇಮ್ಸ್ ನಂಬುತ್ತಾನೆ, ಕೆರಳುತ್ತಾನೆ, ರಾತ್ರಿ ಯಾರದೋ ಮನೆಗೆ ಪಿಸ್ತೂಲು ಹಿಡಿದು ನುಗ್ಗುತ್ತಾನೆ. ಕೊನೆಗೆ ನೋಡಿದರೆ ಹುಡುಗ ಬದುಕಿದ್ದಾನೆ. ಪ್ರೀತಿಸಿದ ಮುಖವೂ ಅವನಿಗೆ ಗುರುತು ಸಿಕ್ಕಿರಲಿಲ್ಲ, ಅವನನ್ನು ನಂಬಿದ ನಮಗೂ ಸಿಕ್ಕಿರಲಿಲ್ಲ. ಇದು ದೊಡ್ಡ ಆತ್ಮವಿಮರ್ಶೆಯೇ ಸರಿ. ಇನ್ನೂ ಮುಂದೆ ಹೋಗುವ ದೃಶ್ಯ ಮೈಗೆ ಬಾಂಬ್ ಕಟ್ಟಿ ಕಬ್ಬಿಣದ ಬೀಗಗಳನ್ನು ಜಡಿದ ಮನುಷ್ಯನದು. ಮನೆಯಲ್ಲಿ ಮಕ್ಕಳಿದ್ದಾರೆ, ಬಿಚ್ಚಿ ಎಂದು ಅವನು ಬೇಡುತ್ತಾನೆ. ಜೇಮ್ಸ್ ಬೀಗ ಕತ್ತರಿಸಲು ಒದ್ದಾಡುತ್ತಾನೆ. ಬೀಗಗಳು ಹೆಚ್ಚು, ಉಳಿದಿರುವ ಸಮಯ ಕಡಿಮೆ. ಕ್ಷಮಿಸು ಎಂದು ಹೇಳಿ ಓಡುತ್ತಾನೆ. ಆ ಒಂದೆರಡು ನಿಮಿಷ ನಮ್ಮ ಆತಂಕ ಮೊದಲ ಬಾರಿಗೆ ಒಬ್ಬ ಇರಾಕಿಯ ಪಾಲಾಗುತ್ತದೆ. ಚಿತ್ರ ಅಲ್ಲಿ ಇನ್ನೊಂದಿಷ್ಟು ನಿಂತಿದ್ದರೆ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತಿದ್ದೆ. ಆದರೆ ಸ್ಫೋಟದ ನಂತರ ಕ್ಯಾಮೆರಾ ಸೇನೆಯ ವಾಹನದೊಳಕ್ಕೆ ಬಂದುಬಿಡುತ್ತದೆ. ಅಲ್ಲಿ ಜೇಮ್ಸ್‌ನ ಜೊತೆಗಾರ ಸ್ಯಾನ್‌ಬಾರ್ನ್ ಕಣ್ಣೀರು ತುಂಬಿಕೊಂಡು, ತನಗೊಬ್ಬ ಮಗ ಬೇಕು ಎನ್ನುತ್ತಿರುತ್ತಾನೆ. ಬೀಗ ಜಡಿಸಿಕೊಂಡವನ ಮಕ್ಕಳ ಸುದ್ದಿ ಮತ್ತೆ ಬರುವುದಿಲ್ಲ.