ಅಳತೆಯ ಋಣ

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಅಪ್ಪನ ಕೋಣೆಗೆ ಏಸಿ ಬೇಕೆನಿಸಿತು. ಓಣಿಯ ಮೆಕ್ಯಾನಿಕ್ ಬಂದು ಕೋಣೆ ಅಳೆದರು; ಪಶ್ಚಿಮದ ಕಿಟಕಿ, ಮೇಲಿನ ಬರೀ ತಾರಸಿ ನೋಡಿ, “ಒಂದು ಟನ್ ಸಾಲಂಗಿಲ್ರಿ, ದೀಡ ಟನ್ ಬೇಕು” ಎಂದರು. ರಾತ್ರಿ ಅದನ್ನೇ ಆನ್‌ಲೈನಿನಲ್ಲಿ ಕೊಂಡೆ. ಮೂರು ಸಾವಿರ ರೂಪಾಯಿ ಉಳಿಯಿತು.

ಅಗ್ಗಕ್ಕೆ ಕೊಳ್ಳುವುದು ತಪ್ಪಲ್ಲ. ಫೆಲೋಶಿಪ್ಪಿನಲ್ಲಿ ಬದುಕುವವಳಿಗೆ ಆ ಹಣ ಸಣ್ಣದಲ್ಲ. ಆದರೆ ಆನ್‌ಲೈನ್ ಅಂಗಡಿ ನಮ್ಮ ಗೋಡೆ ನೋಡಿರಲಿಲ್ಲ. ನೋಡಿದವರು, ತಮ್ಮ ಮೂಲಕವೇ ಕೊಳ್ಳುತ್ತಾರೆಂದು ನಂಬಿ ಬಂದಿದ್ದರು. ಅದು ಗೊತ್ತಿದ್ದೂ ಸುಮ್ಮನಿದ್ದೆ. ಸಂಶೋಧನೆಯಲ್ಲಿ ಯಾರದೋ ಒಂದು ವಾಕ್ಯ ಬಳಸಿದರೂ ಅಡಿಟಿಪ್ಪಣಿ ಹಾಕುವವಳು, ಇಲ್ಲಿ ಅವರ ತಿಳಿವಳಿಕೆಯನ್ನು ಋಣ ಒಪ್ಪದೆ ಬಳಸಿಕೊಂಡೆ.

ಜೋಡಿಸಲು ಅವರನ್ನೇ ಕರೆದು ಅಳತೆಯ ಕೂಲಿಯನ್ನೂ ಕೊಡಬಹುದು. ಹಣದ ಲೆಕ್ಕ ತೀರುತ್ತದೆ. “ಬ್ಯಾರೆ ಕಡೆನೂ ರೇಟ್ ನೋಡ್ತೀನ್ರಿ, ಅಳತಿಗೆ ಎಷ್ಟು ಕೊಡ್ಲಿ?” ಎಂದು ಮೊದಲೇ ಕೇಳದಿದ್ದುದು ಮಾತ್ರ ಬಾಕಿ ಉಳಿಯುತ್ತದೆ.